ಪೇರ್ ಆಗುತ್ತೆ, ಕನೆಕ್ಟ್ ಆಗಲ್ಲ: ಮಾನಿಟರ್ ಇಲ್ಲದ ಬೋರ್ಡ್‌ನಲ್ಲಿ ಪೈಪ್‌ವೈರ್ ಬ್ಲೂಟೂತ್

ತಂತಿಬೇಡ:
ನಮಸ್ಕಾರ. ಪುಟ್ಟ ಆರ್ಮ್ ಬೋರ್ಡ್ ಒಂದರಿಂದ ಬ್ಲೂಟೂತ್ ಸ್ಪೀಕರ್‌ಗೆ ಹಾಡು ಕಳಿಸೋ ಏರ್ಪಾಡು ಮಾಡ್ತಿದ್ದೀನಿ. ಓಎಸ್ ಡೆಬಿಯನ್ ಲಿನಕ್ಸ್. ಬ್ಲೂಝ್ (ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶ) ಮತ್ತು ವೈರ್‌ಪ್ಲಂಬರ್ 0.5 (ಪೈಪ್‌ವೈರ್‌ನ ಮ್ಯಾನೇಜರ್) ಪ್ಯಾಕೇಜ್‌ನಿಂದ ಹಾಕಿದ್ದು, ಸದ್ದು ಸಾಗಿಸೋ ಪೈಪ್‌ವೈರ್ ಮಾತ್ರ ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದು. ಬೋರ್ಡಿಗೆ ಮಾನಿಟರ್ ಇಲ್ಲ, ಕೆಲಸ ಎಲ್ಲಾ ಇನ್ನೊಂದು ಕಂಪ್ಯೂಟರಿಂದ ಎಸ್‌ಎಸ್‌ಎಚ್‌ನಲ್ಲೇ.

ಪೇರಿಂಗ್ ಸಲೀಸಾಗಿ ಆಗುತ್ತೆ. ಕನೆಕ್ಟ್ ಕೊಟ್ಟರೆ ಸ್ಪೀಕರ್ ಒಮ್ಮೆ ಕುಂಯ್ ಅಂದು ಸುಮ್ಮನಾಗುತ್ತೆ. ಬ್ಲೂಟೂತ್‌ಡಿ (ಬ್ಲೂಝ್‌ನ ಹಿನ್ನೆಲೆ ಸರ್ವಿಸ್) ಲಾಗ್‌ನಲ್ಲಿ, ಹಾಡು ಕಳಿಸೋ ಬ್ಲೂಟೂತ್ ವಿಧಾನವಾದ ಎ2ಡಿಪಿಯ ಸಿಂಕ್ ಸಾಲಿನ ಕೊನೆಗೆ "ಪ್ರೋಟೋಕಾಲ್ ನಾಟ್ ಅವೈಲಬಲ್" ಅಂತ ಇದೆ. ಎಚ್‌ಡಿಎಂಐ ಚುಚ್ಚಿ, ಕೀಬೋರ್ಡ್‌ನಿಂದ ಲಾಗಿನ್ ಆದ್ರೆ ಅದೇ ಸ್ಪೀಕರ್ ಹಾಡುತ್ತೆ! ಬ್ಲೂಟೂತಿಗೂ ಮಾನಿಟರಿಗೂ ಎಲ್ಲಿಯ ನಂಟು? ಜೊತೆಗೆ ಸ್ಪೀಕರ್‌ನಲ್ಲಿ ಎಲ್‌ಡ್ಯಾಕ್ (ಹೆಚ್ಚು ಗುಣಮಟ್ಟದ ಕೋಡೆಕ್, ಅಂದ್ರೆ ಸದ್ದನ್ನು ಕುಗ್ಗಿಸಿ ಕಳಿಸೋ ವಿಧಾನ) ಇದ್ರೂ ಕೋಡೆಕ್ ಪಟ್ಟಿಯಲ್ಲಿ ಮಾಮೂಲಿ ಎಸ್‌ಬಿಸಿ ಬಗೆಗಳಷ್ಟೇ ಕಾಣ್ತಿವೆ.

ಮಧ್ಯರಾತ್ರಿ_ಮೇಕ್:
ಫರ್ಮ್‌ವೇರ್ ಸರಿಯಾಗಿ ಲೋಡ್ ಆಗಿದೆಯಾ ನೋಡಿ. ಪೇರಿಂಗ್ ಅಳಿಸಿ ಮತ್ತೆ ಮಾಡಿ. ಆಗದಿದ್ರೆ ಪೈಪ್‌ವೈರ್ ಬದಲು ಪಲ್ಸ್‌ಆಡಿಯೋ ಹಾಕ್ಕೊಂಡು ನೆಮ್ಮದಿಯಾಗಿರಿ.

ಕರ್ನಲ್‌ಕಾಕಾ:
ಫರ್ಮ್‌ವೇರ್ ಕೆಟ್ಟಿದ್ರೆ ಪೇರಿಂಗೇ ಆಗ್ತಿರಲಿಲ್ಲ ಮಾರಾಯ್ರೆ. ಪೇರ್ ಆದ ಮೇಲೆ ರೇಡಿಯೋ, ಕರ್ನಲ್, ಬ್ಲೂಟೂತ್‌ಡಿ ಮೂರನ್ನೂ ಸದ್ಯಕ್ಕೆ ಬಿಟ್ಟುಬಿಡಿ.

ಬ್ಲೂಝ್ ತಾನಾಗಿ ಆಡಿಯೋ ಎನ್‌ಕೋಡ್ ಮಾಡೋದಿಲ್ಲ. "ಈ ಕೋಡೆಕ್‌ಗಳನ್ನು ನಾನು ನೋಡ್ಕೋತೀನಿ" ಅಂತ ಬೇರೊಂದು ಪ್ರೋಗ್ರಾಂ ಡಿಬಸ್ (ಪ್ರೋಗ್ರಾಂಗಳು ಮಾತಾಡಿಕೊಳ್ಳೋ ದಾರಿ) ಮೂಲಕ ಬಂದು ಎಂಡ್‌ಪಾಯಿಂಟ್ ನೋಂದಾಯಿಸಬೇಕು. ಯಾರೂ ನೋಂದಾಯಿಸದೆ ಇದ್ದಾಗ ಬರೋದೇ ನಿಮ್ಮ ಆ ಎರರ್. ಖಚಿತ ಮಾಡ್ಕೊಳ್ಳೋಕೆ ಬ್ಲೂಟೂತ್‌ಸಿಟಿಎಲ್ ತೆರೆದು ಶೋ ಅನ್ನಿ. ಯುಯುಐಡಿ (ಬೋರ್ಡ್ ಕೊಡೋ ಬ್ಲೂಟೂತ್ ಸೇವೆಗಳ ಗುರುತು) ಪಟ್ಟಿಯಲ್ಲಿ "ಆಡಿಯೋ ಸೋರ್ಸ್" ಇಲ್ಲದಿದ್ರೆ ಇದೇ ಕಥೆ.

ನೋಂದಾಯಿಸಬೇಕಾದ ಪ್ಲಗಿನ್ ಪೈಪ್‌ವೈರ್ ಜೊತೆಗೇ ಬರುತ್ತೆ, ಆದ್ರೆ ಅದನ್ನು ಲೋಡ್ ಮಾಡೋದು ವೈರ್‌ಪ್ಲಂಬರ್. ಎಷ್ಟೋ ಜನ ಪೈಪ್‌ವೈರ್ ಲಾಗ್ ಕೆದಕುತ್ತಾ ಕೂರೋದು ಇದು ಗೊತ್ತಿಲ್ಲದೆ. ಈ ವೈರ್‌ಪ್ಲಂಬರ್, ಲಾಗಿನ್‌ಗಳ ಲೆಕ್ಕ ಇಡೋ ಲಾಗಿನ್‌ಡಿಯನ್ನು ಕೇಳುತ್ತೆ: ಈ ಬಳಕೆದಾರರ ಸೀಟ್ (ಅಂದ್ರೆ ಯಂತ್ರದ್ದೇ ಪರದೆ, ಕೀಬೋರ್ಡ್) ಸಕ್ರಿಯವಾಗಿದೆಯೇ? ಎಸ್‌ಎಸ್‌ಎಚ್ ಸೆಷನ್‌ಗೆ ಸೀಟೇ ಇರಲ್ಲ, ಹಾಗಾಗಿ ಬ್ಲೂಟೂತ್ ಕಡೆ ತಲೆಯೇ ಹಾಕಲ್ಲ. ಕೀಬೋರ್ಡ್ ಮುಂದೆ ಲಾಗಿನ್ ಆದ್ರೆ ಸೀಟ್ ಸಿಗುತ್ತೆ, ಹಾಡುತ್ತೆ. ಲಾಗಿನ್ ಪರದೆಯ ಸೆಷನ್ನೂ ನಿಮ್ಮ ಸೆಷನ್ನೂ ಒಂದೇ ಹೆಡ್‌ಸೆಟ್‌ಗೆ ಕಿತ್ತಾಡಬಾರದು ಅಂತ ಹೀಗೆ ಮಾಡಿರೋದು. ಡೆಸ್ಕ್‌ಟಾಪ್‌ಗೆ ಒಳ್ಳೇದೇ.

ಹೋಮ್‌ನ ಕಾನ್ಫಿಗ್ ಫೋಲ್ಡರ್‌ನಲ್ಲಿ ವೈರ್‌ಪ್ಲಂಬರ್, ಅದರೊಳಗೆ ವೈರ್‌ಪ್ಲಂಬರ್ ಡಾಟ್ ಕಾನ್ಫ್ ಡಾಟ್ ಡಿ ಅಂತ ಫೋಲ್ಡರ್ ಮಾಡಿ. ಅಲ್ಲೊಂದು ಕಾನ್ಫ್ ಫೈಲಿಟ್ಟು, ವೈರ್‌ಪ್ಲಂಬರ್ ಡಾಟ್ ಪ್ರೊಫೈಲ್ಸ್ ಅಡಿ ಮೇನ್‌ನಲ್ಲಿ ಮಾನಿಟರ್ ಡಾಟ್ ಬ್ಲೂಝ್ ಡಾಟ್ ಸೀಟ್-ಮಾನಿಟರಿಂಗ್ ಅನ್ನು ಡಿಸೇಬಲ್ಡ್ ಅಂತ ಬರೆಯಿರಿ. ಲುವಾ ಭಾಷೆಯ ಕಾನ್ಫಿಗ್ ಫೈಲ್ ಬರೆಯಿರಿ ಅನ್ನೋ ಹಳೇ ಸಲಹೆಗಳು 0.4ರ ಕಾಲದವು. 0.5 ಆ ಕಾನ್ಫಿಗ್ ಓದೋದೇ ಇಲ್ಲ, ಎರರ್ ಕೊಟ್ಟು ನಿಲ್ಲೋದೂ ಇಲ್ಲ.

ತಂತಿಬೇಡ:
ಕಾಕಾ, ಕನೆಕ್ಟ್ ಆಯ್ತು! ಯುಯುಐಡಿ ಪಟ್ಟಿಯಲ್ಲೂ ಆಡಿಯೋ ಸೋರ್ಸ್ ಬಂದಿದೆ. ಆದ್ರೆ ಎಸ್‌ಎಸ್‌ಎಚ್‌ನಿಂದ ಹೊರಬಂದ ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತೆ. ಎಲ್‌ಡ್ಯಾಕ್ ಇನ್ನೂ ನಾಪತ್ತೆ.

ಕರ್ನಲ್‌ಕಾಕಾ:
ಸದ್ದು ನಿಲ್ಲೋದು: ನಿಮ್ಮ ಕೊನೇ ಸೆಷನ್ ಮುಗಿದಾಗ, ಸರ್ವಿಸ್‌ಗಳನ್ನು ನಡೆಸೋ ಸಿಸ್ಟಮ್‌ಡಿ ನಿಮ್ಮ ಯೂಸರ್ ಸರ್ವಿಸ್‌ಗಳನ್ನೂ ಮುಚ್ಚುತ್ತೆ. ಲಾಗಿನ್‌ಸಿಟಿಎಲ್‌ನಲ್ಲಿ ಎನೇಬಲ್-ಲಿಂಗರ್ ಕೊಡಿ, ನೀವು ಹೊರಬಂದ ಮೇಲೂ ಅವು ಓಡ್ತಿರುತ್ತವೆ, ಬೂಟ್ ಆದ ಕೂಡಲೇ ತಾನೇ ಶುರುವಾಗುತ್ತೆ ಕೂಡ.

ಎಲ್‌ಡ್ಯಾಕ್ ವಿಷಯ ಬಿಲ್ಡ್‌ಗೆ ಸೇರಿದ್ದು. ಪೈಪ್‌ವೈರ್‌ನ ಮೆಸಾನ್ (ಬಿಲ್ಡ್ ಸಾಧನ) ಆಯ್ಕೆಗಳಲ್ಲಿ ಕೋಡೆಕ್‌ಗಳು "ಆಟೋ" ಆಗಿರುತ್ತವೆ. ಕೋಡೆಕ್ ಲೈಬ್ರರಿಯ ಡೆವ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಫೈಲ್‌ಗಳು) ಸಿಗದಿದ್ರೆ ಬಿಲ್ಡ್ ನಿಲ್ಲಲ್ಲ, ಆ ಕೋಡೆಕ್ ಬಿಟ್ಟು ಮುಂದೆ ಹೋಗುತ್ತೆ. ಸೆಟಪ್ ಮುಗಿದಾಗ ಬರೋ ಸಾರಾಂಶದಲ್ಲಿ ಎದುರಿಗೆ "ನೋ" ಅಂತಿರುತ್ತೆ, ಯಾರು ಅಲ್ಲಿಯವರೆಗೂ ಓದ್ತಾರೆ ಹೇಳಿ! ನಿಮಗೆ ಬೇಕಾದ ಕೋಡೆಕ್ ಅನ್ನು "ಎನೇಬಲ್ಡ್" ಅಂತ ಬರೆದುಬಿಡಿ. ಲೈಬ್ರರಿ ಇಲ್ಲದಿದ್ರೆ ಸೆಟಪ್ ಅಲ್ಲೇ ಮುರಿದು ಬೀಳುತ್ತೆ. ಮುಂದೆ ಅಪ್‌ಡೇಟ್ ಮಾಡಿ ಮರುಬಿಲ್ಡ್ ಮಾಡುವಾಗಲೂ ಇದೇ ನಿಮ್ಮ ಕಾವಲು.

ಬಿಲ್ಡ್ ಆದ ಮೇಲೂ ಕಾಣದಿದ್ರೆ ವೈರ್‌ಪ್ಲಂಬರ್ ಮೇಲೆ ಎಲ್‌ಡಿಡಿ (ಪ್ರೋಗ್ರಾಂ ಬಳಸೋ ಲೈಬ್ರರಿಗಳನ್ನು ತೋರಿಸೋ ಕಮಾಂಡ್) ಓಡಿಸಿ. ವೈರ್‌ಪ್ಲಂಬರ್ ಯಾವ ಲಿಬ್‌ಪೈಪ್‌ವೈರ್‌ಗೆ (ಪೈಪ್‌ವೈರ್ ಲೈಬ್ರರಿ) ಅಂಟಿಕೊಂಡಿದೆಯೋ ಪ್ಲಗಿನ್ ಹುಡುಕೋದೂ ಅದರ ಫೋಲ್ಡರ್‌ನಲ್ಲೇ. ನೀವು ಬಿಲ್ಡ್ ಮಾಡಿದ್ದು ಲೋಕಲ್ ಫೋಲ್ಡರ್‌ನಲ್ಲಿದ್ದು, ವೈರ್‌ಪ್ಲಂಬರ್ ಡಿಸ್ಟ್ರೋ (ಡೆಬಿಯನ್) ಕೊಟ್ಟದ್ದನ್ನು ಹಿಡಿದಿದ್ರೆ ಎಷ್ಟು ಬಿಲ್ಡ್ ಮಾಡಿದ್ರೂ ನೀರಲ್ಲಿ ಹೋಮ.

ಹಳೇಸ್ಪೀಕರ್:
ನಡುವೆ ಬಾಯಿ ಹಾಕ್ತೀನಿ. ಫೋನ್‌ನಿಂದ ಬೋರ್ಡಿಗೆ ಎಲ್‌ಡ್ಯಾಕ್ ತರಿಸೋ ಯೋಚನೆ ಇದ್ರೆ ಈ ಎಲ್‌ಡ್ಯಾಕ್ ಲೈಬ್ರರಿ ನಂಬಬೇಡಿ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ತೆರೆದ ಸೋರ್ಸ್ ಆಗಿ ಬಂದದ್ದು ಎನ್‌ಕೋಡರ್ ಮಾತ್ರ, ಡಿಕೋಡರ್ ಅದರಲ್ಲಿಲ್ಲ.

ತಂತಿಬೇಡ:
ಕಳಿಸೋದಷ್ಟೇ ಸಾಕು ನನಗೆ. ಡೆವ್ ಪ್ಯಾಕೇಜ್ ಇರಲೇ ಇಲ್ಲ. ಹಾಕಿದ ಮೇಲೆ ಎಲ್‌ಡ್ಯಾಕ್ ಬಂತು. ಈಗ ಹಾಡು ಆಗಾಗ ತಡವರಿಸುತ್ತೆ, ಅದರಲ್ಲೂ ವೈಫೈನಲ್ಲಿ ದೊಡ್ಡ ಫೈಲ್ ಕಾಪಿ ಆಗುವಾಗ. ಎಸ್‌ಬಿಸಿಯಲ್ಲಿ ಹೀಗಾಗಲ್ಲ.

ಮಧ್ಯರಾತ್ರಿ_ಮೇಕ್:
ಪಿಡಬ್ಲ್ಯು-ಟಾಪ್ (ಪೈಪ್‌ವೈರ್‌ನ ಸ್ಥಿತಿ ತೋರಿಸೋ ಕಮಾಂಡ್) ತೆರೆದು ಎರರ್ ಕಾಲಂ ನೋಡಿ. ಅಲ್ಲಿ ಸಂಖ್ಯೆ ಏರ್ತಿದ್ರೆ ಸಿಪಿಯು ಸಾಲ್ತಿಲ್ಲ. ಏರದೆ ಬರೀ ಸದ್ದು ಕಡಿದ್ರೆ ಗಾಳಿಯಲ್ಲೇ ಅಡ್ಡಿ. ಎಲ್‌ಡ್ಯಾಕ್ ಮೇಲಿನ ದರ್ಜೆ ಸೆಕೆಂಡಿಗೆ 990 ಕಿಲೋಬಿಟ್, ಎಸ್‌ಬಿಸಿಯ ಮಾಮೂಲಿ ಉತ್ತಮ ದರ್ಜೆ ಸುಮಾರು 328. ಬ್ಲೂಟೂತ್ ಇರೋದು 2.4 ಗಿಗಾಹರ್ಟ್ಸ್‌ನಲ್ಲಿ, ನಿಮ್ಮ ವೈಫೈಯೂ ಅಲ್ಲೇ ಇದ್ದು ಆಂಟೆನಾ ಒಂದೇ ಆಗಿದ್ರೆ ಸರದಿ ಕಾಯಲೇಬೇಕು. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಒಯ್ಯಿರಿ. ಯುಎಸ್‌ಬಿ 3 ಡಿಸ್ಕ್ ಪಕ್ಕದಲ್ಲೇ ಇದ್ರೆ ದೂರ ಇಡಿ, ಅದೂ 2.4ರಲ್ಲಿ ಗದ್ದಲ ಎಬ್ಬಿಸುತ್ತೆ. ಆಮೇಲೂ ಆಗದಿದ್ರೆ ಎಲ್‌ಡ್ಯಾಕ್ ಕ್ವಾಲಿಟಿಯನ್ನು ಎಸ್‌ಕ್ಯೂಗೆ (ನಡುವಿನ ದರ್ಜೆ) ಇಳಿಸಿ, 660 ಆಗುತ್ತೆ.

ತಂತಿಬೇಡ:
ಎರರ್ ಕಾಲಂ ಸೊನ್ನೆಯಲ್ಲೇ ಇತ್ತು. ವೈಫೈ 5ಕ್ಕೆ ಹೋಯ್ತು, ತಡವರಿಕೆ ಬಹುಪಾಲು ಹೋಯ್ತು. ಎಸ್‌ಕ್ಯೂ ಮಾಡಿದ ಮೇಲೆ ಪೂರ್ತಿ ನಿಂತಿದೆ. ಎಲ್‌ಡಿಡಿಯಲ್ಲಿ ಲೋಕಲ್‌ನ ಲೈಬ್ರರಿಯೇ ಬರ್ತಿದೆ ಕಾಕಾ. ವೈರ್‌ಪ್ಲಂಬರ್ ಅನ್ನೂ ಸೋರ್ಸ್‌ನಿಂದ ಬಿಲ್ಡ್ ಮಾಡೋದು ಒಳ್ಳೇದಾ?

ಕರ್ನಲ್‌ಕಾಕಾ:
ಬೇಡ. ಡಿಸ್ಟ್ರೋದ್ದು ಓಡ್ತಿರೋವರೆಗೆ ಅದನ್ನು ಮುಟ್ಟಬೇಡಿ.