ಬ್ಯಾಂಕಾಕ್‌ನ ವಾಹನದಟ್ಟಣೆಯಲ್ಲಿ ಓಡಾಡುವುದು ಹೇಗೆ? ಅಲ್ಲಿದ್ದು ಬಂದವರ ಅನುಭವ

ಪ್ರಶ್ನೆ, ಸಾಗರದಿಂದ: ಮುಂದಿನ ತಿಂಗಳು ಉದ್ಯೋಗದ ನಿಮಿತ್ತ ಬ್ಯಾಂಕಾಕ್‌ಗೆ ಹೊರಟಿದ್ದೇನೆ. ಕಚೇರಿ ಆಸೋಕ್ ವೃತ್ತದ ಬಳಿಯಿದೆ. ಅಲ್ಲಿನ ವಾಹನದಟ್ಟಣೆಯ ಸುದ್ದಿ ಕೇಳಿಯೇ ಗಾಬರಿಯಾಗಿದೆ. ಥಾಯ್ ಭಾಷೆಯ ಒಂದಕ್ಷರವೂ ಬಾರದು. ಮನೆ ಎಲ್ಲಿ ಹಿಡಿಯಬೇಕು, ದಿನವೂ ಹೇಗೆ ಓಡಾಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯಿಂದ: ನಾನು ಮೂರು ವರ್ಷ ಅಲ್ಲಿದ್ದೆ. ಬಾಡಿಗೆ ಕಡಿಮೆಯೆಂಬ ಆಸೆಗೆ ಬಿದ್ದು ರೈಲು ನಿಲ್ದಾಣದಿಂದ ಎರಡೂವರೆ ಕಿಲೋಮೀಟರ್ ಒಳಗಿನ ಸೋಯ್‌ನಲ್ಲಿ ಮನೆ ಹಿಡಿದದ್ದು ನಾನು ಮಾಡಿದ ದೊಡ್ಡ ತಪ್ಪು. ಸೋಯ್ ಎಂದರೆ ಮುಖ್ಯರಸ್ತೆಯಿಂದ ಕವಲೊಡೆಯುವ ಅಡ್ಡರಸ್ತೆ. ಅವುಗಳಲ್ಲಿ ಎಷ್ಟೋ ರಸ್ತೆಗಳು ಮುಂದೆ ಎಲ್ಲಿಯೂ ಕೂಡದೆ ಅಲ್ಲಿಯೇ ಕೊನೆಗೊಳ್ಳುವುದರಿಂದ, ಒಳಗಿರುವ ಅಷ್ಟೂ ವಾಹನಗಳು ಒಂದೇ ಬಾಯಿಯಿಂದ ಮುಖ್ಯರಸ್ತೆಗೆ ಬಂದು ಬೀಳುತ್ತವೆ. ಜಡಿಮಳೆಯ ದಿನ ಆಗುಂಬೆ ಘಾಟಿ ಇಳಿಯುವವರು ದೂರವನ್ನು ಕಿಲೋಮೀಟರ್‌ನಲ್ಲಿ ಲೆಕ್ಕ ಹಾಕುವುದಿಲ್ಲವಷ್ಟೆ, ಅಲ್ಲಿಯೂ ಹಾಗೆಯೇ. ಒಂದು ಸಂಜೆ ಮಳೆಯಲ್ಲಿ ಟ್ಯಾಕ್ಸಿ ಹತ್ತಿದ ನನಗೆ ಆಸೋಕ್ ಸಿಗ್ನಲ್ ದಾಟುವಷ್ಟರಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ನಡೆದಿದ್ದರೆ ಹತ್ತು ನಿಮಿಷದ ದಾರಿ.

ಆದುದರಿಂದ ಬೆಂಗಳೂರಿನ ಮೆಟ್ರೊದಂತೆ ಕಂಬಗಳ ಮೇಲೆ ಓಡುವ ಬಿಟಿಎಸ್ ರೈಲಿನ ನಿಲ್ದಾಣಕ್ಕೆ ನಡೆದು ತಲುಪಬಹುದಾದ ಮನೆಯನ್ನೇ ಹುಡುಕಿ. ಆಸೋಕ್‌ನಿಂದ ಐದನೆಯ ನಿಲ್ದಾಣವಾದ ಆನ್ ನಟ್ ಕಡೆ ಬಾಡಿಗೆ ಅಗ್ಗ. ಆಸೋಕ್‌ನಲ್ಲಿಯೇ ಸುರಂಗ ರೈಲಾದ ಎಂಆರ್‌ಟಿಗೂ ಬದಲಾಯಿಸಬಹುದು, ಆದರೆ ನಾನಿದ್ದಾಗ ಎರಡಕ್ಕೂ ಬೇರೆ ಬೇರೆ ಟಿಕೆಟ್ ಇತ್ತು. ಬೆಳಿಗ್ಗೆ 8 ಮತ್ತು ಸಂಜೆ 6 ಗಂಟೆಗೆ ನಿಲ್ದಾಣದಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಎಲ್ಲರಂತೆ ನೀವೂ ನಿಂತಲ್ಲಿಯೇ ನಿಲ್ಲಿ.

ವಿಳಾಸ ಹುಡುಕುವಾಗ ಒಂದು ಮಾತು ನೆನಪಿರಲಿ. ಆಸೋಕ್ ಮೂಲಕ ಹಾದುಹೋಗುವ ಮುಖ್ಯರಸ್ತೆಯಾದ ಸುಖುಮ್ವಿತ್‌ನಲ್ಲಿ ಬೆಸ ಸಂಖ್ಯೆಯ ಸೋಯ್‌ಗಳು ಒಂದು ಬದಿಗೆ, ಸಮ ಸಂಖ್ಯೆಯವು ಇನ್ನೊಂದು ಬದಿಗೆ ಇವೆ. ಆದರೆ 55ರ ಎದುರಿಗೆ 54 ಇರುತ್ತದೆಂದು ನಂಬಿದರೆ ಕೆಟ್ಟಿರಿ, ಅಲ್ಲಿರುವುದು 38!

ಹೊಸನಗರದಿಂದ: ಮೇಲಿನವರು ಬೈಕ್ ಟ್ಯಾಕ್ಸಿಯ ವಿಷಯವನ್ನು ಬಿಟ್ಟಿದ್ದಾರೆ. ಸೋಯ್‌ನ ಬಾಯಲ್ಲಿ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟ ಸವಾರರು ಸಾಲಾಗಿ ಕಾದಿರುತ್ತಾರೆ. ಹೆಲ್ಮೆಟ್ ಕೇಳಿ ಪಡೆಯಿರಿ. ಮನೆಯ ವಿಳಾಸವನ್ನು ಥಾಯ್ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ, ನಮ್ಮ ಉಚ್ಚಾರಣೆ ಅವರಿಗೆ ತಿಳಿಯದು.

ತುಮರಿಯಿಂದ: ಲಾಂಚ್ ಹತ್ತಿ ಬೆಳೆದ ನನಗೆ ಅಲ್ಲಿ ಬಹಳ ಹಿಡಿಸಿದ್ದು ಸೆನ್ ಸೇಪ್ ಕಾಲುವೆಯ ದೋಣಿ. ಆಸೋಕ್‌ಗೂ ಅದರ ಕಟ್ಟೆಯಿದೆ, ಸಿಗ್ನಲ್‌ನ ಗೊಡವೆಯಿಲ್ಲ. ಬಸ್ಸನ್ನೇ ಹೊತ್ತು ನಿಧಾನವಾಗಿ ಸಾಗುತ್ತಿದ್ದ ನಮ್ಮ ಲಾಂಚಿನ ಸಾವಧಾನವನ್ನು ಮಾತ್ರ ಅದರಲ್ಲಿ ನಿರೀಕ್ಷಿಸಬೇಡಿ: ಕಟ್ಟೆಗೆ ತಾಗಿ ಕೆಲವೇ ಕ್ಷಣ ನಿಲ್ಲುವ ಅದನ್ನು ಹಗ್ಗ ಹಿಡಿದು ಥಟ್ಟನೆ ಹತ್ತಬೇಕು. ನಿರ್ವಾಹಕಿ ತಲೆಗೆ ಹೆಲ್ಮೆಟ್ ಧರಿಸಿ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಲೇ ಹಣ ಪಡೆಯುತ್ತಾಳೆ. ತಗ್ಗಾದ ಸೇತುವೆ ಬಂದಾಗ ಚಾವಣಿಯನ್ನೇ ಕೆಳಕ್ಕೆ ಇಳಿಸುತ್ತಾರೆ. ಅಂಚಿನಲ್ಲಿ ಕುಳಿತವರು ಪಕ್ಕದ ಟಾರ್ಪಾಲಿನ ಹಗ್ಗವನ್ನು ಎಳೆದು ಹಿಡಿಯುವುದು ವಾಡಿಕೆ. ಕಾಲುವೆಯ ನೀರು ಶರಾವತಿಯ ನೀರಲ್ಲ, ಆದ್ದರಿಂದ ಕಚೇರಿಗೆ ಹೋಗುವ ದಿನ ನಡುವಿನ ಆಸನದಲ್ಲಿ ಕುಳಿತುಕೊಳ್ಳಿ.