ಏರ್ ರೈಫಲ್ ಪೆಲೆಟ್ ಒಂದೊಂದಾಗಿ ತೂಗಿ ಇಟ್ಟರೆ ಗ್ರೂಪ್ ಬಿಗಿಯಾಗುತ್ತಾ?

ಬಾಣೇರ್ ಪಾಲಕ:
ನಮಸ್ಕಾರ. ಮಗಳು ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡ್ತಾಳೆ. ಪೆಲೆಟ್ (ಸೀಸದ ಪುಟ್ಟ ಗುಂಡು) ಒಂದೇ ಕಂಪನಿದು, ಒಂದೇ 4.50 ಮಿ.ಮೀ. ಹೆಡ್ ಸೈಜ್ (ತಲೆಯ ಅಗಲ). ಆದರೂ ಹಳೆ ಡಬ್ಬಿಯಲ್ಲಿ ಗ್ರೂಪ್ (ಗುರಿಯಲ್ಲಿ ಬಿದ್ದ ತೂತುಗಳ ಗುಂಪು) ಬಿಗಿ, ಹೊಸದರಲ್ಲಿ ನಡುನಡುವೆ ಒಂದು ಗುಂಡು 9.2 ಅಂಕಕ್ಕೆ (ನಟ್ಟನಡುವೆ ಬಿದ್ದರೆ 10.9) ಹಾರುತ್ತೆ. ಹೊರದೇಶದಲ್ಲಿ ಜಿಂಕೆ ಬೇಟೆಗಾರರು ಮನೆಯಲ್ಲೇ ಮದ್ದು ತೂಗಿ ತೋಟಾ ತುಂಬ್ತಾರಲ್ಲ, ಹಾಗೆ ಪೆಲೆಟ್ ತೂಗಿ ಬೇರೆ ಮಾಡಬೇಕಾ? ಅಕ್ಕಸಾಲಿಗರ ತಕ್ಕಡಿ ಸಾಕಾ?

ಕೋಥ್ರೂಡ್ ಕನ್ನಡಿಗ:
ತಕ್ಕಡಿಗೆ ದುಡ್ಡು ಹಾಕಬೇಡಿ ಸರ್. ರೈಫಲ್ ಮ್ಯಾಚ್ ಪೆಲೆಟ್ ಸುಮಾರು 0.53 ಗ್ರಾಂ, ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. 10 ಮೀಟರ್ ದಾಟುವಷ್ಟರಲ್ಲಿ ಅದು 17 ಮಿ.ಮೀ. ಇಳಿಯುತ್ತೆ. ತೂಕ 5 ಮಿಲಿಗ್ರಾಂ ಹೆಚ್ಚುಕಮ್ಮಿ ಆದರೆ ಈ ಇಳಿತದಲ್ಲಿ ವ್ಯತ್ಯಾಸ 0.17 ಮಿ.ಮೀ. ಅಷ್ಟೇ. ಸ್ಕೋರಿನ 0.1 ಅಂದರೆ 0.25 ಮಿ.ಮೀ. 9.2 ಬಿದ್ದಿದೆ ಅಂದರೆ ಗುಂಡು ನಡುವಿನಿಂದ 4 ಮಿ.ಮೀ.ಗೂ ಹೆಚ್ಚು ಆಚೆ ಹೋಗಿದೆ. ಅಷ್ಟು ದೂರ ತೂಕ ಎಳೆಯಲ್ಲ.

ಡಬ್ಬಿಯ ಹಿಂದಿನ ಬ್ಯಾಚ್ ನಂಬರ್ ನೋಡಿ. ಹೆಡ್ ಸೈಜ್ ಒಂದೇ ಇದ್ದರೂ ಬ್ಯಾಚ್ ಬದಲಾದರೆ ನಿಮ್ಮ ಬ್ಯಾರೆಲ್ಲಿಗೆ ಅದು ಹೊಂದದೇ ಇರಬಹುದು. ಪರೀಕ್ಷೆಗೆ ರೈಫಲ್ ಅನ್ನು ವೈಸಿಗೆ (ಅಲುಗಾಡದಂತೆ ಬಿಗಿಯಾಗಿ ಹಿಡಿಯುವ ಇಕ್ಕಳ) ಕಟ್ಟಿ. ಬ್ಯಾಚ್ ಬದಲಿಸಿದಾಗಲೆಲ್ಲ ಮೊದಲ 10 ಗುಂಡು ಲೆಕ್ಕಕ್ಕಿಲ್ಲ, ಬ್ಯಾರೆಲ್ ಹೊಸ ಸೀಸಕ್ಕೆ ಒಗ್ಗಬೇಕು. ಆಮೇಲೆ ಹೊಸ ಟಾರ್ಗೆಟ್ ಕಾರ್ಡಿಗೆ 10 ಗುಂಡು, ಹೀಗೆ ಮೂರು ಕಾರ್ಡು. 5 ಗುಂಡಿನ ಗ್ರೂಪ್ ನಂಬಬೇಡಿ, ಹಾರುವ ಆ ಒಂದು ಗುಂಡು ಅದರಲ್ಲಿ ಸಿಗದೇ ಹೋಗುತ್ತೆ. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಈ ಹೊರ ಅಳತೆ 6 ಮಿ.ಮೀ. ಒಳಗಿದ್ದರೆ ಅದೇ ಬ್ಯಾಚಿನ ಡಬ್ಬಿಗಳನ್ನು ಸೀಸನ್ನಿಗೆ ಸಾಕಾಗುವಷ್ಟು ತೆಗೆದಿಡಿ. 7 ದಾಟಿದರೆ ಅಭ್ಯಾಸಕ್ಕೆ ಮಾತ್ರ.

ಇನ್ನೊಂದು ಮಾತು. ನಮ್ಮಲ್ಲಿ ಜಿಂಕೆ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ, ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಮಕ್ಕಳಿಗೆ ಇದನ್ನು ಈಗಲೇ ಹೇಳಿಕೊಡಿ.

ವರ್ಲಿ ಶೂಟರ್:
ಬ್ಯಾಚಿಗಿಂತ ಮೊದಲು ಸ್ಕರ್ಟ್ (ಪೆಲೆಟ್ಟಿನ ಹಿಂಬದಿಯ ಟೊಳ್ಳು ಭಾಗ) ನೋಡಿ. ಪೆಲೆಟ್ ತಲೆಕೆಳಗಾಗಿ ಗಾಜಿನ ಮೇಲೆ ನಿಲ್ಲಿಸಿ, ದೀಪ ಪಕ್ಕದಿಂದ ಬೀಳಲಿ. ಹಿಂದಿನ ತೆಳು ಅಂಚು ಪೂರ್ತಿ ದುಂಡಗೆ ಕಾಣಬೇಕು. ಉಗುರು ತಾಗಿದಷ್ಟು ತಗ್ಗಿದ್ದರೂ ಗಾಳಿ ಒಂದೇ ಕಡೆ ನುಗ್ಗಿ ಪೆಲೆಟ್ ಓಲಾಡುತ್ತೆ, 9.2 ಬರೋದು ಹೀಗೇ. ಡಬ್ಬಿ ಒಮ್ಮೆ ಕೆಳಗೆ ಬಿದ್ದಿದ್ದರೂ ಸಾಕು. ಪೆಲೆಟ್ ಕೈಗೆ ಸುರಿದುಕೊಳ್ಳೋದು, ಜೇಬಿನಲ್ಲಿ ಇಡೋದು ಬಿಡಿಸಿ.

ಮಳೆಗಾಲದಲ್ಲಿ ಸೀಸದ ಮೇಲೆ ಬಿಳಿ ಪುಡಿ ಏಳುತ್ತೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಪುಡಿ ಬಂದದ್ದನ್ನು ಬಳಸಲೇಬೇಡಿ. ಅಭ್ಯಾಸ ಮುಗಿದ ಕೂಡಲೇ ಸೋಪಿನಲ್ಲಿ ಕೈ ತೊಳೆಯದೆ ಮಗು ತಿಂಡಿ ಮುಟ್ಟಬಾರದು.

ಬಾಣೇರ್ ಪಾಲಕ:
ಧನ್ಯವಾದ. ವೈಸಿನಲ್ಲಿ ಎಲ್ಲಿ ಹಿಡಿಯಬೇಕು?

ಕೋಥ್ರೂಡ್ ಕನ್ನಡಿಗ:
ಸ್ಟಾಕ್ (ಹೆಗಲಿಗೆ ಒರಗಿಸುವ ಭಾಗ) ಬಿಚ್ಚಿ, ಆಕ್ಷನ್ ಭಾಗವನ್ನು (ಪೆಲೆಟ್ ತುಂಬಿ ಹೊಡೆಯುವ ಲೋಹದ ಭಾಗ) ಎರಡು ಮರದ ತುಂಡಿನ ನಡುವೆ ಹಿಡಿಯಿರಿ. ಗಾಳಿ ತುಂಬುವ ಸಿಲಿಂಡರಿಗೆ ಮಾತ್ರ ವೈಸ್ ತಾಗಬಾರದು, ತುಂಬಿದಾಗ ಒಳಗೆ 200 ಬಾರ್ ಒತ್ತಡ ಇರುತ್ತೆ. ರೇಂಜಿನ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಮಾಡಿಸಿದರೆ ಇನ್ನೂ ಒಳ್ಳೇದು.