ಲಾಂಗ್ ರನ್ ಮಾಡುವವರಿಗೆ ಅಮೈನೊ ಪುಡಿ ಬೇಕಾ? ಬಳಸಿದವರು ಹೇಳಿ

ನಮಸ್ಕಾರ ಎಲ್ಲರಿಗೂ. ಮೊದಲ ಫುಲ್ ಮ್ಯಾರಥಾನ್‌ಗೆ ತಯಾರಿ ಮಾಡುತ್ತಿದ್ದೇನೆ. ಇನ್ನು 11 ವಾರ ಇದೆ. ವಾರಕ್ಕೆ ನಾಲ್ಕು ದಿನ ಓಟ, ಅದರಲ್ಲಿ ಒಂದು ಲಾಂಗ್ ರನ್. ಲಾಂಗ್ ರನ್ 24 ಕಿ.ಮೀ.ಗೆ ಏರಿದ ಮೇಲೆ ತೊಂದರೆ ಶುರುವಾಗಿದೆ. ಕೊನೆಯ ಐದಾರು ಕಿಲೋಮೀಟರ್ ಕಾಲು ಎತ್ತಿಡುವುದೇ ಕಷ್ಟ. ಆಮೇಲೆ ಎರಡು ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಜೊತೆಗೆ ಓಡುವವರಲ್ಲಿ ಒಬ್ಬರು ಬಿಸಿಎಎ (ಪ್ರೋಟೀನ್‌ನ ಇಟ್ಟಿಗೆಗಳಾದ ಅಮೈನೊ ಆಮ್ಲಗಳಲ್ಲಿ ಮೂರು ಇರುವ ಪುಡಿ) ತಗೊಳ್ಳಿ ಅಂದರು. ಇನ್ನೊಬ್ಬರು ಅದು ಬೇಡ, ಇಎಎ (ದೇಹಕ್ಕೆ ಹೊರಗಿನಿಂದಲೇ ಬೇಕಾದ ಎಲ್ಲ ಅಮೈನೊ ಆಮ್ಲ ಇರುವ ಪುಡಿ) ಒಳ್ಳೆಯದು ಅಂದರು. ನನ್ನ ತೂಕ 62 ಕೆ.ಜಿ. ಯಾವುದು, ಎಷ್ಟು, ಯಾವಾಗ? ಸುಮ್ನೆ ಡಬ್ಬದ ಮೇಲೆ ಬರೆದದ್ದನ್ನು ನಂಬಲು ಮನಸ್ಸಿಲ್ಲ. ನಿಮ್ಮ ಅನುಭವ ಹೇಳ್ತೀರಾ?

*

ಎರಡು ಸೀಸನ್ ಬಿಸಿಎಎ ಬಳಸಿದವನು ನಾನು. ಆಗಿದ್ದನ್ನು ಹಾಗೇ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಓಟಕ್ಕೆ ಮೊದಲು 5 ಗ್ರಾಂ, ನಡುವೆ 5 ಗ್ರಾಂ, ನೀರಿನಲ್ಲಿ ಕಲಸಿ ಕುಡಿಯುತ್ತಿದ್ದೆ. ಮೊದಲ ತಿಂಗಳಲ್ಲೇ ಕಾಲು ಹಗುರ ಅನ್ನಿಸಿತು. ಸಿಕ್ಕಿದವರಿಗೆಲ್ಲ ತಗೊಳ್ಳಿ ಅಂತ ಹೇಳಿದೆ. ಮುಂದಿನ ಸೀಸನ್ ನಡುವೆ ಡಬ್ಬ ಖಾಲಿಯಾಯಿತು. ಒಂದು ತಿಂಗಳು ತರಲಿಲ್ಲ. ಏನೂ ವ್ಯತ್ಯಾಸ ಕಾಣಲಿಲ್ಲ! ಆಗ ನನ್ನ ಓಟದ ಡೈರಿ ತೆಗೆದು ನೋಡಿದೆ. ಬಿಸಿಎಎ ಶುರು ಮಾಡಿದ ವಾರವೇ ಓಡುವಾಗ ಎನರ್ಜಿ ಜೆಲ್ (ಸಕ್ಕರೆ ಅಂಶದ ಗಟ್ಟಿ ಪಾಕ) ತಿನ್ನುವುದನ್ನೂ ಶುರು ಮಾಡಿದ್ದೆ. ಅಲ್ಲಿಯವರೆಗೆ ಬರೀ ನೀರು ಕುಡಿದು 25 ಕಿ.ಮೀ. ಓಡುತ್ತಿದ್ದೆ. ಕೆಲಸ ಮಾಡಿದ್ದು ಜೆಲ್, ಹೆಸರು ಬಂದದ್ದು ಪುಡಿಗೆ.

ಅದಕ್ಕೇ ಮೊದಲು ಕೇಳುತ್ತೇನೆ: ಓಡುವಾಗ ನೀವು ಏನು ತಿನ್ನುತ್ತೀರಿ? ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟಿರುವ ಸಕ್ಕರೆ, ಅಂದರೆ ಗ್ಲೈಕೊಜೆನ್, ಒಂದೂವರೆ ಎರಡು ಗಂಟೆ ಓಡಿದ ಮೇಲೆ ತೀರಾ ಕಡಿಮೆಯಾಗುತ್ತದೆ. 24 ಕಿ.ಮೀ. ಓಟದ ಕೊನೆಗೆ ಕಾಲು ಏಳುವುದಿಲ್ಲ ಅಂದರೆ ಮೊದಲ ಅನುಮಾನ ಅದರ ಮೇಲೆ. ಓಡುವಾಗ ಸುಡುವ ಶಕ್ತಿಯಲ್ಲಿ ಪ್ರೋಟೀನ್‌ನ ಪಾಲು ಸಾಮಾನ್ಯವಾಗಿ ಶೇ. 3ರಿಂದ 5 ಅಷ್ಟೇ. ಗ್ಲೈಕೊಜೆನ್ ಖಾಲಿಯಾದಾಗ ಅದು ಶೇ. 10ರ ಹತ್ತಿರಕ್ಕೆ ಏರಬಹುದು. ಅಂದರೆ ಸ್ನಾಯು ಉಳಿಸಿಕೊಳ್ಳಬೇಕು ಅಂದರೂ ಮೊದಲು ಬೇಕಾದದ್ದು ಕಾರ್ಬ್, ಅಂದರೆ ಸಕ್ಕರೆ, ಪಿಷ್ಟದ ಅಂಶ. ಗಂಟೆಗೆ 30ರಿಂದ 60 ಗ್ರಾಂ. ಎರಡೂವರೆ ಗಂಟೆಗಿಂತ ಉದ್ದದ ಓಟಕ್ಕೆ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರುವಂಥದ್ದಾದರೆ 90 ಗ್ರಾಂವರೆಗೂ ಹೋಗುತ್ತಾರೆ. ಆದರೆ ಹೊಟ್ಟೆಗೆ ನಿಧಾನವಾಗಿ ಅಭ್ಯಾಸ ಮಾಡಿಸಬೇಕು.

ಬಿಸಿಎಎ ಮೇಲಿನ ನಂಬಿಕೆಗೂ ಒಂದು ಕಾರಣ ಇತ್ತು. 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಎರಿಕ್ ನ್ಯೂಸ್‌ಹೋಮ್ ಒಂದು ವಿಚಾರ ಮುಂದಿಟ್ಟರು. ಟ್ರಿಪ್ಟೊಫ್ಯಾನ್ ಅನ್ನುವ ಅಮೈನೊ ಆಮ್ಲ ಮಿದುಳಿಗೆ ಹೋಗಿ ಸೆರೊಟೋನಿನ್ ಅನ್ನುವ ರಾಸಾಯನಿಕ ಆಗುತ್ತದೆ, ಅದು ಸುಸ್ತು ತರುತ್ತದೆ. ಬಿಸಿಎಎ ಕೂಡ ಮಿದುಳಿಗೆ ಹೋಗುವುದು ಅದೇ ಬಾಗಿಲಿನಿಂದ. ಹಾಗಾಗಿ ರಕ್ತದಲ್ಲಿ ಬಿಸಿಎಎ ಜಾಸ್ತಿ ಇದ್ದರೆ ಟ್ರಿಪ್ಟೊಫ್ಯಾನ್‌ಗೆ ಜಾಗ ಸಿಗುವುದಿಲ್ಲ ಅನ್ನುವುದು ಲೆಕ್ಕ. ಕೇಳಲು ಚೆನ್ನಾಗಿದೆ, ನನಗೂ ಇಷ್ಟವಾದ ವಿಚಾರ. ಆದರೆ ಓಟಗಾರರು, ಸೈಕಲ್ ಸವಾರರ ಮೇಲೆ ಪರೀಕ್ಷೆ ಮಾಡಿದಾಗ ಬಹುಪಾಲು ಸಲ ಸಮಯ ಸುಧಾರಿಸಲಿಲ್ಲ. ಇನ್ನೊಂದು ವಿಷಯ, ಓಡುವಾಗ ಕಾರ್ಬ್ ತಿಂದರೂ ಮಿದುಳಿಗೆ ಹೋಗಬಲ್ಲ ಟ್ರಿಪ್ಟೊಫ್ಯಾನ್ ಏರುವುದು ತಗ್ಗುತ್ತದೆ.

ಇನ್ನು ಸ್ನಾಯುವಿನ ರಿಪೇರಿ. ದೇಹ ತಾನೇ ಮಾಡಿಕೊಳ್ಳಲಾಗದ ಅಮೈನೊ ಆಮ್ಲಗಳು 9. ಬಿಸಿಎಎಯಲ್ಲಿ ಇರುವುದು ಮೂರೇ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಲ್ಯೂಸಿನ್ ಅನ್ನುವುದು ಮೇಸ್ತ್ರಿ ಇದ್ದ ಹಾಗೆ, ಕೆಲಸ ಶುರು ಮಾಡಿ ಅನ್ನುತ್ತದೆ. ಇಟ್ಟಿಗೆಯೇ ಬಂದಿಲ್ಲದಿದ್ದರೆ ಮೇಸ್ತ್ರಿ ಕೂಗಿ ಏನು ಮಾಡುತ್ತಾನೆ? ಎರಡರಲ್ಲಿ ಒಂದು ಅಂದರೆ ಇಎಎ ಸರಿ, ಅದರಲ್ಲಿ 9 ಕೂಡ ಇರುತ್ತವೆ. ಆದರೆ 25 ಗ್ರಾಂ ವೇ ಪ್ರೋಟೀನ್‌ನಲ್ಲೂ (ಹಾಲಿನಿಂದ ತೆಗೆದದ್ದು) ಅವೆಲ್ಲ ಇವೆ, ಲ್ಯೂಸಿನ್ ಒಂದೇ ಸುಮಾರು 2.5 ಗ್ರಾಂ. ಹಾಲು, ಮೊಟ್ಟೆ, ಸೋಯಾದಲ್ಲೂ ಇವೆ.

ನಿಮ್ಮ ತೂಕಕ್ಕೆ ದಿನಕ್ಕೆ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಲೆಕ್ಕದಲ್ಲಿ 75ರಿಂದ 100 ಗ್ರಾಂ ಪ್ರೋಟೀನ್ ಬೇಕು. ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 20, 25 ಗ್ರಾಂ. ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. ನಾನು ಬರೆದಾಗ 50 ಗ್ರಾಂ ಕೂಡ ದಾಟಿರಲಿಲ್ಲ. ಅಷ್ಟು ದಿನ ದುಡ್ಡು ಕೊಟ್ಟು ಪುಡಿ ಕುಡಿಯುತ್ತಿದ್ದೆ, ತಟ್ಟೆ ನೋಡಿರಲಿಲ್ಲ.

ಮೆಟ್ಟಿಲು ಇಳಿಯುವಾಗ ನೋವು ಅಂದಿರಲ್ಲ, ಆ ಥರದ ನೋವು ಓಡಿದ ಮೇಲೆ ಒಂದರಿಂದ ಮೂರು ದಿನದ ಒಳಗೆ ಜೋರಾಗಿರುತ್ತದೆ. ಬಿಸಿಎಎ ಅದನ್ನು ಸ್ವಲ್ಪ ತಗ್ಗಿಸಿದ ಪರೀಕ್ಷೆಗಳೂ ಇವೆ, ತಗ್ಗಿಸದವೂ ಇವೆ. ದೂರವನ್ನು ಒಮ್ಮೆಲೇ ಏರಿಸಿದ್ದೀರಾ ಅಂತ ನೋಡಿ.

*

ಮೇಲಿನವರು ಹೇಳಿದ್ದು ಸರಿ. ಆದರೆ ನನಗೆ ಇಎಎಯಿಂದ ಉಪಯೋಗ ಆಗಿದೆ, ಅದನ್ನೂ ಹೇಳಬೇಕು. ನನಗೆ 57 ವರ್ಷ. ಲಾಂಗ್ ರನ್ ಮುಗಿದ ಮೇಲೆ ಒಂದೂವರೆ ಗಂಟೆ ಏನೂ ಬಾಯಿಗೆ ಹಾಕಲು ಆಗುವುದಿಲ್ಲ, ವಾಕರಿಕೆ ಬರುತ್ತದೆ. ಹಾಲಿನ ಪುಡಿ, ವೇ ಎಲ್ಲ ಸೋತವು. 10 ಗ್ರಾಂ ಇಎಎ ತಣ್ಣನೆಯ ನೀರಿನಲ್ಲಿ ಹಾಕಿ ಗುಟುಕು ಗುಟುಕಾಗಿ ಕುಡಿದರೆ ಒಳಗೆ ನಿಲ್ಲುತ್ತದೆ. ಕಹಿ ಇರುತ್ತದೆ, ನಿಂಬೆ ಹುಳಿ ಇರುವುದು ವಾಸಿ. ಹಸಿವಾದ ಮೇಲೆ ಸರಿಯಾಗಿ ಊಟ ಮಾಡುತ್ತೇನೆ. ವಯಸ್ಸಾದಂತೆ ಸ್ನಾಯು ಪ್ರೋಟೀನ್‌ಗೆ ಅಷ್ಟು ಬೇಗ ಓಗೊಡುವುದಿಲ್ಲ, ಒಂದು ಹೊತ್ತಿಗೆ ಕೆ.ಜಿ.ಗೆ 0.4 ಗ್ರಾಂ ಬೇಕಾಗುತ್ತದೆ. ಐವತ್ತು ದಾಟಿದವರು ಇದನ್ನು ಗಮನಿಸಿ.

*

ಅಮೈನೊ ಅಂತ ದೊಡ್ಡದಾಗಿ ಬರೆದಿದ್ದ ಡಬ್ಬ ನೋಡಿ ತಂದೆ, ಹಿಂದೆ ಏನಿದೆ ಅಂತ ಓದಲಿಲ್ಲ. ಮೂರನೇ ಕಿಲೋಮೀಟರ್‌ಗೆ ಮುಖ, ಬೆರಳು ಜುಮುಜುಮು ಅನ್ನತೊಡಗಿತು. ಹೆದರಿ ಓಟ ನಿಲ್ಲಿಸಿ ಕುಳಿತುಬಿಟ್ಟೆ. ಅದು ಡಬ್ಬದಲ್ಲಿದ್ದ ಬೀಟಾ ಅಲನಿನ್ ಅನ್ನುವ ಅಮೈನೊ ಆಮ್ಲದ ಗುಣ ಅಂತ ಆಮೇಲೆ ಗೊತ್ತಾಯಿತು. ಅಪಾಯವಿಲ್ಲ, ತಾನೇ ಹೋಗುತ್ತದೆ. ಆದರೆ ಅದು ಕೆಲಸಕ್ಕೆ ಬರುವುದು ಮುಖ್ಯವಾಗಿ ಒಂದರಿಂದ ನಾಲ್ಕು ನಿಮಿಷದ ಜೋರು ಓಟಕ್ಕೆ. ನಾಲ್ಕು ಗಂಟೆ ಓಡುವ ನನಗೆ ಯಾಕೆ ಬೇಕಿತ್ತು? ಅದೇ ಡಬ್ಬದಲ್ಲಿ ಕೆಫೀನ್ ಬೇರೆ ಇತ್ತು, ರಾತ್ರಿ ನಿದ್ದೆ ಹಾಳಾಯಿತು. ಯಾವುದೇ ಆಗಲಿ, ರೇಸ್ ದಿನ ಹೊಸದಾಗಿ ಕುಡಿಯಬೇಡಿ.

*

ನಾನು ಪೈಪೋಟಿಗೆ ಓಡುವವಳು, ಡೋಪ್ ಪರೀಕ್ಷೆ ಇರುತ್ತದೆ. ಅಮೈನೊ ಆಮ್ಲ ನಿಷೇಧದ ಪಟ್ಟಿಯಲ್ಲಿ ಇಲ್ಲ. ಆದರೆ ಪುಡಿಯಲ್ಲಿ ಬೇರೆ ಏನಾದರೂ ಬೆರೆತಿದ್ದು ಸಿಕ್ಕಿಬಿದ್ದರೆ, ಗೊತ್ತಿರಲಿಲ್ಲ ಅಂದಮಾತ್ರಕ್ಕೆ ಬಿಡುವುದಿಲ್ಲ. ದೇಹದೊಳಗೆ ಏನು ಹೋಯಿತೋ ಅದಕ್ಕೆ ಓಟಗಾರರೇ ಹೊಣೆ. ನಿಷೇಧಿತ ವಸ್ತುಗಳಿಗಾಗಿ ಪರೀಕ್ಷಿಸಿದ್ದಾರೆ ಅಂತ ತೋರಿಸುವ ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇರುವುದನ್ನಷ್ಟೇ ತರುತ್ತೇನೆ.

ಇನ್ನೊಂದು ಮಾತು, ಇದು ಹೆಣ್ಣುಮಕ್ಕಳಿಗೆ. ಒಂದು ವರ್ಷ ನನಗೂ ಹೀಗೇ ಕಾಲು ಭಾರ, ಏದುಸಿರು. ಪುಡಿ ಬದಲಾಯಿಸಿದೆ, ಶೂ ಬದಲಾಯಿಸಿದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಬರೀ 9. ಕಬ್ಬಿಣದ ಕೊರತೆ! ವೈದ್ಯರು ಹೇಳಿದಂತೆ ಮಾತ್ರೆ ತಗೊಂಡು ಸರಿಯಾಗಲು ತಿಂಗಳುಗಳೇ ಬೇಕಾದವು. ಓಟ ಜಾಸ್ತಿ, ಊಟ ಕಡಿಮೆ ಆಗಿ ಮುಟ್ಟು ನಿಂತರೆ ಅದನ್ನು ಒಳ್ಳೆಯ ಫಿಟ್‌ನೆಸ್ ಅಂದುಕೊಳ್ಳಬೇಡಿ, ದಯವಿಟ್ಟು ವೈದ್ಯರನ್ನು ನೋಡಿ.

*

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಿಡ್ನಿ ತೊಂದರೆ ಇರುವವರು ಕೇಳದೆ ಇವನ್ನು ಶುರು ಮಾಡಬಾರದು. ಪಾರ್ಕಿನ್ಸನ್‌ಗೆ ಲೆವೊಡೋಪಾ ತಗೊಳ್ಳುವವರೂ ಅಷ್ಟೇ, ಅಮೈನೊ ಆಮ್ಲ ಆ ಔಷಧಿಯ ದಾರಿಗೆ ಅಡ್ಡ ಬರುತ್ತದೆ.

*

ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಬರೆದಿಟ್ಟೆ. ಪ್ರೋಟೀನ್ 61, 54, 58 ಗ್ರಾಂ. ಮತ್ತೆ ಹೌದು, ಎರಡು ಮುಕ್ಕಾಲು ಗಂಟೆ ಬರೀ ನೀರಿನಲ್ಲೇ ಓಡುತ್ತಿದ್ದೆ. ದೂರವನ್ನೂ ಎರಡೇ ವಾರದಲ್ಲಿ 18ರಿಂದ 24ಕ್ಕೆ ಏರಿಸಿದ್ದೆ. ಪುಡಿ ಸದ್ಯಕ್ಕೆ ತರುವುದಿಲ್ಲ. ಈ ಭಾನುವಾರ 20 ಕಿ.ಮೀ.ಗೆ ಇಳಿದು ಜೆಲ್ ಇಟ್ಟುಕೊಂಡು ಓಡುತ್ತೇನೆ. ಮೊದಲನೆಯದು ಯಾವಾಗ ತಿನ್ನಲಿ, ಸುಸ್ತು ಅನ್ನಿಸಿದಾಗಲಾ?

*

ಸುಸ್ತು ಆಗುವವರೆಗೆ ಕಾಯಬೇಡಿ, ಆಗ ತಡವಾಗಿರುತ್ತದೆ. ಅರ್ಧ ಗಂಟೆಗೆ ಮೊದಲನೆಯದು, ಆಮೇಲೆ ಪ್ರತಿ ಅರ್ಧ ಗಂಟೆಗೆ 20 ಗ್ರಾಂ ಕಾರ್ಬ್ ಬರುವಷ್ಟು. ಪ್ರತಿ ಸಲ ಜೊತೆಗೆ ನಾಲ್ಕು ಗುಟುಕು ನೀರು. ಹೊಟ್ಟೆ ತೊಳಸಿದರೆ ಮುಂದಿನ ವಾರ 15ಕ್ಕೆ ಇಳಿಸಿ ನೋಡಿ. ಸೋಮವಾರ ಮೆಟ್ಟಿಲು ಹೇಗಿತ್ತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.